ಬಟಾಟಿಯ ಬಣ್ಣವೂ ಭೂಮಿಯ ಸತ್ವವೂ

ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಬಟಾಟಿಯು ಮುಂಗಾರು ಮಳೆಯನ್ನು ನಂಬಿದ ಬೆಳೆ. ರೈತನು ದುಬಾರಿ ಬೀಜವನ್ನು ಕೊಂಡು ಬಿತ್ತಿ, ಸುಮಾರು ಮೂರು ತಿಂಗಳು ಕಾದು, ಗಡ್ಡೆಗಳನ್ನು ಅಮರಗೋಳದ ಮಾರುಕಟ್ಟೆಗೆ ತರುತ್ತಾನೆ. ಅಲ್ಲಿ ತೂಕದಂತೆಯೇ ಗುಣಕ್ಕೂ ಬೆಲೆಯುಂಟು. ಒಳಗೆ ಕಪ್ಪಾದ ಗಡ್ಡೆಯನ್ನು ಕೊಳ್ಳುವವರಾರು? ಆದುದರಿಂದ ಈ ಕಪ್ಪಿನ ಕಾರಣವನ್ನರಿಯುವುದು ಕೇವಲ ಪಾಠದ ವಿಷಯವಲ್ಲ, ಬದುಕಿನ ವಿಷಯ.

ಬಟಾಟಿಯ ಬಣ್ಣ ಕೆಡುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಹೆಚ್ಚಿದಾಗ ಅಥವಾ ಪೆಟ್ಟು ತಗುಲಿದಾಗ ಆಗುವಂಥದು. ಗಡ್ಡೆಯಲ್ಲಿರುವ ಟೈರೊಸಿನ್ ಮೊದಲಾದ ದ್ರವ್ಯಗಳು ಕಿಣ್ವದ ನೆರವಿನಿಂದ ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದಾಗಿ, ಬಳಿಕ ಕಪ್ಪಾಗುತ್ತವೆ. ಎರಡನೆಯದು, ಬೇಯಿಸಿದ ಮೇಲೆ ಆಗುವಂಥದು. ಇಲ್ಲಿ ಕ್ಲೋರೊಜೆನಿಕ್ ಆಮ್ಲವು ಕಬ್ಬಿಣದ ಅಂಶದೊಡನೆ ಸೇರಿ ಬೂದುಗಪ್ಪು ಬಣ್ಣವನ್ನು ತರುತ್ತದೆ. ಮೂರನೆಯದು, ಕರಿಯುವಾಗ ಸಕ್ಕರೆಯ ಅಂಶವು ಅಮೈನೊ ಆಮ್ಲಗಳೊಡನೆ ವರ್ತಿಸಿ ಉಂಟಾಗುವ ಕಂದುಬಣ್ಣ. ಇದನ್ನು ಫ್ರಾನ್ಸಿನ ಮೈಯಾರ್ 1912ರಲ್ಲಿ ವಿವರಿಸಿದನು. ಇದೇ ಕ್ರಿಯೆಯಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ದ್ರವ್ಯವೂ ಹುಟ್ಟುತ್ತದೆ. ಕರಿದ ಆಹಾರಗಳಲ್ಲಿ ಅದಿರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು.

ಗೊಬ್ಬರದ ಪಾತ್ರ ಇಲ್ಲಿಯೇ ಬರುತ್ತದೆ. ಯೂರಿಯಾ ಅತಿಯಾದರೆ ಎಲೆ ಹುಲುಸಾಗುವುದು. ಆದರೆ ಗಡ್ಡೆ ಬಲಿಯುವುದು ತಡವಾಗಿ, ಒಣಪದಾರ್ಥ ಕುಗ್ಗಿ, ಅಮೈನೊ ಆಮ್ಲಗಳು ಹೆಚ್ಚುತ್ತವೆ. ಪೊಟ್ಯಾಷ್ ಸಾಕಷ್ಟು ದೊರೆತರೆ ಟೈರೊಸಿನ್ ತಗ್ಗಿ, ಸಿಟ್ರಿಕ್ ಆಮ್ಲ ಹೆಚ್ಚುತ್ತದೆ. ಈ ಆಮ್ಲವು ಕಬ್ಬಿಣವನ್ನು ಹಿಡಿದಿಡುವುದರಿಂದ ಬೇಯಿಸಿದ ಗಡ್ಡೆ ಕಪ್ಪಾಗುವುದು ಕಡಿಮೆ. ಆದರೂ ಪೊಟ್ಯಾಷನ್ನು ಕ್ಲೋರೈಡ್ ರೂಪದಲ್ಲಿ ಅತಿಯಾಗಿ ಹಾಕಿದರೆ ಗಡ್ಡೆಯಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಸಲ್ಫೇಟ್ ರೂಪವು ಗುಣಕ್ಕೆ ಮೇಲು. ಬೆಲೆ ಮಾತ್ರ ಹೆಚ್ಚು.

ಎಲ್ಲ ದೋಷವನ್ನೂ ಗೊಬ್ಬರದ ಮೇಲೆ ಹೊರಿಸುವುದು ಸಲ್ಲದು. ತಳಿಯ ಗುಣವೂ ಕಾರಣವಾಗುತ್ತದೆ. ಚಿಪ್ಸಿಗಾಗಿಯೇ ಕುಫ್ರಿ ಚಿಪ್ಸೋನಾದಂಥ ತಳಿಗಳು ರೂಪುಗೊಂಡಿವೆ. ಶೀತಲಗೃಹದಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟ ಗಡ್ಡೆಯ ಪಿಷ್ಟವು ಸಕ್ಕರೆಯಾಗಿ, ಕರಿದಾಗ ಬೇಗ ಕಂದಾಗುತ್ತದೆ.

ಶಾಲೆಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಹೆಚ್ಚಿದ ಮೂರು ಹೋಳುಗಳಲ್ಲಿ ಒಂದನ್ನು ಗಾಳಿಗಿಟ್ಟು, ಒಂದನ್ನು ನೀರಿನಲ್ಲಿ ಮುಳುಗಿಸಿ, ಒಂದಕ್ಕೆ ನಿಂಬೆರಸ ಸವರಿದರೆ ಆಮ್ಲಜನಕದ ಮತ್ತು ಆಮ್ಲದ ಪ್ರಭಾವ ಕಣ್ಣಿಗೆ ಕಾಣುತ್ತದೆ. ಹೊಲದ ಪಾಠಕ್ಕೆ ಮಾತ್ರ ಮಣ್ಣುಪರೀಕ್ಷೆಯೇ ಆಧಾರ. 1947ರಲ್ಲಿ ಸ್ಥಾಪಿತವಾದ ಕೃಷಿ ಮಹಾವಿದ್ಯಾಲಯ ಮತ್ತು 1986ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿಯೇ ಇರುವುದು ಈ ಭಾಗದ ಭಾಗ್ಯ.

ಹೆಚ್ಚು ಸುರಿದವನಿಗೆ ಹೆಚ್ಚು ಫಲವೆಂಬ ನಿಯಮ ಮಣ್ಣಿನಲ್ಲಿಲ್ಲ. ಕೊರತೆಯನ್ನರಿತು ಬೇಕಾದಷ್ಟನ್ನೇ ನೀಡುವ ವಿವೇಕವೂ ಕಾಯಕದ ಅಂಗವೇ ಆಗಿದೆ.