ಓದುವ ಪುಸ್ತಕ, ನೋಡುವ ಪುಸ್ತಕ

ನೋಡು ಮಗೂ, ಇಂಜಿನಿಯರಿಂಗ್ ಸೀಟು ಸಿಕ್ಕ ಖುಷಿಯಲ್ಲಿ ಫೋನಿನ ತುಂಬ ಪಿಡಿಎಫ್ ಇಳಿಸಿಕೊಂಡಿದ್ದೀಯ. ಹ್ಯಾಲಿಡೇ-ರೆಸ್ನಿಕ್, ಎಚ್.ಸಿ. ವರ್ಮಾ, ಇರೊಡೊವ್, ಫೈನ್‌ಮನ್ ಎಲ್ಲ ಇವೆ. ಇರಲಿ, ಬೇಡ ಅನ್ನಲ್ಲ. ಆದರೆ ಒಂದನ್ನಾದರೂ ಕಾಗದದಲ್ಲಿ ಕೊಂಡುಕೋ. ಅವೆನ್ಯೂ ರಸ್ತೆಯ ಹಳೇ ಪ್ರತಿಯಾದರೂ ಸರಿ. ನ್ಯೂಟನ್ನನ ನಿಯಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ.

ಯಾವುದು ಅಂತೀಯ? ನನ್ನನ್ನು ಕೇಳಿದರೆ ಹ್ಯಾಲಿಡೇ-ರೆಸ್ನಿಕ್. ಬಿಡಿಸಿ ತೋರಿಸಿದ ಲೆಕ್ಕ ಬಂದ ಕೂಡಲೇ ಅದರ ಮೇಲೆ ಹಾಳೆ ಮುಚ್ಚು. ಚಿತ್ರ ಬರೆ, ಬಲಗಳಿಗೆ ಬಾಣ ಹಾಕು, ಸಮೀಕರಣ ಬರೆ. ಸಿಕ್ಕಿಬಿದ್ದರೆ ಹಾಳೆಯನ್ನು ಒಂದೇ ಒಂದು ಸಾಲು ಕೆಳಗೆ ಜಾರಿಸು, ಮತ್ತೆ ಪ್ರಯತ್ನಿಸು. ಫೈನ್‌ಮನ್ 1961ರಿಂದ 63ರವರೆಗೆ ಕ್ಯಾಲ್ಟೆಕ್‌ನ ಹುಡುಗರಿಗೆ ಮಾಡಿದ ಪಾಠಗಳು ಸೊಗಸೋ ಸೊಗಸು. ಆದರೆ ಅಧ್ಯಾಯದ ಕೊನೆಗೆ ಲೆಕ್ಕಗಳಿಲ್ಲ; ಓದಿದಾಗ ಎಲ್ಲ ತಿಳಿದಂತೆಯೇ ಅನ್ನಿಸಿಬಿಡುತ್ತದೆ. ಇರೊಡೊವ್ ತದ್ವಿರುದ್ಧ, ಬರೀ ಲೆಕ್ಕ. ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡ. ಇನ್ನು ಪರೀಕ್ಷೆಯ ಹಿಂದಿನ ವಾರದ ಗೈಡುಗಳು: ಪಾಸು ಮಾಡಿಸುತ್ತವೆ, ಅಷ್ಟೇ.

ಇವು ಓದುವ ಪುಸ್ತಕಗಳಾದವು. ಸ್ಟೀಮ್ ಟೇಬಲ್, ಡಿಸೈನ್ ಡೇಟಾ ಹ್ಯಾಂಡ್‌ಬುಕ್, ಐಎಸ್ ಕೋಡುಗಳು ನೋಡುವ ಪುಸ್ತಕಗಳು. ಕೆಲವನ್ನು ಪರೀಕ್ಷೆಗೇ ಒಯ್ಯಲು ಬಿಡುತ್ತಾರೆ. ಅದಕ್ಕೇ ಎಷ್ಟೋ ಮಕ್ಕಳು ಅವನ್ನು ಮೊದಲ ಸಲ ತೆರೆಯುವುದು ಪರೀಕ್ಷಾ ಕೊಠಡಿಯಲ್ಲೇ! ಇವತ್ತು ಸಂಜೆ ಸ್ಟೀಮ್ ಟೇಬಲ್ ತೆಗೆ. ನೀರು ಕುದಿಯುವುದು 100 ಡಿಗ್ರಿಗೆ ಎಂದು ಹೈಸ್ಕೂಲಿನಿಂದ ಬಾಯಿಪಾಠ ಮಾಡಿದ್ದೀಯಲ್ಲ, 1 ಬಾರ್ ಒತ್ತಡದ ಸಾಲು ನೋಡು: 99.6. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 0.9 ಬಾರಿನ ಆಸುಪಾಸು. ಆ ಸಾಲಿಗೆ ಬೆರಳಿಟ್ಟರೆ 96.7. ಇಲ್ಲಿನ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟ ನೀರು 100 ಮುಟ್ಟುವುದೇ ಇಲ್ಲ. ಇನ್ನೊಂದು ಮಾತು, ಟೇಬಲಿನಲ್ಲಿರುವುದು ನಿರಪೇಕ್ಷ ಒತ್ತಡ. ಬಾಯ್ಲರಿನ ಗೇಜು ತೋರಿಸುವ ಅಂಕಿಗೆ ಹೊರಗಿನ ಗಾಳಿಯ ಒತ್ತಡ ಕೂಡಿಸದೆ ಸಾಲು ಹುಡುಕಿದೆಯೋ, ಮುಂದಿನ ಲೆಕ್ಕವೆಲ್ಲ ದಂಡ. ತಲೆಬರಹ, ಏಕಮಾನ, ಕೆಳಗಿನ ಸಣ್ಣಕ್ಷರದ ಟಿಪ್ಪಣಿ, ಇವನ್ನು ಓದಿಯೇ ಅಂಕಿಗೆ ಹೋಗು.

ಹಳೇ ಪ್ರತಿ ನಡೆಯುತ್ತದೆ ಅಂದೆನಲ್ಲ, ಕೋಡಿಗೆ ಆ ಮಾತು ಸಲ್ಲ. ಕಾಂಕ್ರೀಟಿನ ಐಎಸ್ 456ರ 1978ರ ಆವೃತ್ತಿಯಲ್ಲಿ ಆರ್‌ಸಿಸಿಗೆ ಎಂ15 ಕಾಂಕ್ರೀಟು ನಡೆಯುತ್ತಿತ್ತು. 2000ದಲ್ಲಿ ಕನಿಷ್ಠ ಎಂ20 ಎಂದಾಯಿತು. ಸೀನಿಯರ್ ಕೊಟ್ಟ ಜೆರಾಕ್ಸ್ ನಂಬಿ ಕೂರಬೇಡ. ಈ ಕೋಡುಗಳನ್ನು ಹೊರತರುವ ಬಿಐಎಸ್ ತನ್ನ ಜಾಲತಾಣದಲ್ಲಿ ಅವನ್ನು ಪುಕ್ಕಟೆ ಕೊಡುತ್ತದೆ. ಇಳಿಸಿಕೊಳ್ಳುವಾಗ ಮುಖಪುಟದ ಇಸವಿಯನ್ನೂ, ತಿದ್ದುಪಡಿ ಹಾಳೆಗಳನ್ನೂ ನೋಡಿಕೋ.