ಹಳೆಯ ಮರವೂ ಬಡಿಗನ ಕೈಯೂ

ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಪ್ರತಿಯೊಂದು ಮನೆಯಲ್ಲಿಯೂ ದೊರಕುವ ವಸ್ತುವನ್ನೇ ನಾವು ಆರಿಸಿಕೊಂಡೆವು. ಅದು ಹಳೆಯ ಮರ. ಮುರಿದ ಬಾಗಿಲು, ಕಳಚಿದ ತೊಲೆ, ಮೂಲೆಗೆ ಬಿದ್ದ ಬಂಡಿಯ ಚಕ್ರ, ಇವುಗಳಿಂದ ಮೇಜು ಕುರ್ಚಿ ಮುಂತಾದವುಗಳನ್ನು ಕೈಯಿಂದ ಮಾಡುವ ಕಲೆಯೇ ಈ ಪಾಠದ ವಿಷಯವು.

1. ಇಟ್ಟಿಗಿಯಲ್ಲಿ ನಾವು ಕಂಡದ್ದು

ಹೂವಿನಹಡಗಲಿ ಸೀಮೆಯ ಇಟ್ಟಿಗಿ ಗ್ರಾಮದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಒಮ್ಮೆ ಹೋಗಿದ್ದೆವು. ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ಇಳಿಸಿ ಸಿಮೆಂಟಿನ ಮನೆಯನ್ನು ಕಟ್ಟಿಸುತ್ತಿದ್ದರು. ಅಂಗಳದಲ್ಲಿ ತೊಲೆಗಳೂ ಜಂತಿಗಳೂ ಬಾಗಿಲಿನ ಚೌಕಟ್ಟುಗಳೂ ರಾಶಿಯಾಗಿ ಬಿದ್ದಿದ್ದವು. ಸೌದೆಯ ವ್ಯಾಪಾರಿಯು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ್ದನು. ಮನೆಯ ಅಜ್ಜಿಯು ಮಾತ್ರ ಒಪ್ಪದೆ, ಊರಿನ ವೃದ್ಧ ಬಡಿಗರೊಬ್ಬರನ್ನು ಕರೆಯಿಸಿದ್ದರು.

ಅವರು ಒಂದು ತೊಲೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬಳಿಕ ಕೀಸುಳಿಯಿಂದ ಎರಡು ಸಾರಿ ತೀಡಿದರು. ಒಲೆಯ ಹೊಗೆಯಿಂದ ಕಪ್ಪಾಗಿದ್ದ ಮೈಯ ಕೆಳಗೆ ಜೇನಿನ ಬಣ್ಣದ ಸಾಗವಾನಿ ಕಾಣಿಸಿತು. "ಅಕ್ಕಾರ, ಇದು ನೀರು ಬಿಟ್ಟ ಮರರೀ. ಹಸಿ ಮರದಂಗ ಮೋಸ ಮಾಡಂಗಿಲ್ಲ," ಎಂದು ನಮಗೆ ಹೇಳಿದರು. ಆ ತೊಲೆಯು ಪಡಸಾಲೆಯ ಬೆಂಚಾಯಿತು. ಬಾಗಿಲಿನ ಹಲಗೆಗಳು ಮೊಮ್ಮಗಳ ಓದುವ ಮೇಜಾದವು.

ಅದನ್ನು ನೋಡಿ ನಮಗೆ ಸಂತೋಷಕ್ಕಿಂತ ಮೊದಲು ನಾಚಿಕೆಯಾಯಿತು. ಯಾಕಂದರೆ ಕೆಲವು ವರುಷಗಳ ಹಿಂದೆ, ಕಾಲು ಮುರಿದ ಹನ್ನೆರಡು ಬೆಂಚುಗಳನ್ನು ಸೌದೆಯೆಂದು ಮಾರುವಂತೆ ಅಪ್ಪಣೆ ಕೊಟ್ಟವರು ನಾವೇ. ಅವುಗಳಲ್ಲಿ ಕೆಟ್ಟದ್ದು ಕಾಲುಗಳು ಮಾತ್ರ, ಹಲಗೆಗಳು ಗಟ್ಟಿಯಾಗಿದ್ದವು. ನಿಮ್ಮಲ್ಲಿ ಎಷ್ಟೋ ಮಂದಿ ಕುಳಿತು ಕಲಿತ ಬೆಂಚುಗಳು ಅವು. ಒಬ್ಬ ಬಡಿಗರನ್ನಾದರೂ ಕೇಳಬೇಕೆಂದು ಆಗ ನಮಗೆ ತೋಚಲಿಲ್ಲ. ಈ ಪಾಠವನ್ನು ಬರೆಯುವದಕ್ಕೆ ಅದೇ ಕಾರಣವು.

2. ಮರದ ಸ್ವಭಾವ

ಈಗತಾನೆ ಕಡಿದ ಮರದಲ್ಲಿ ಬಹಳ ನೀರಿರುವದು. ಒಣಗುತ್ತಾ ಹೋದಂತೆ ಅದು ಕುಗ್ಗುವದು. ಆದರೆ ಎಲ್ಲಾ ಕಡೆಗೂ ಸಮವಾಗಿ ಅಲ್ಲ. ಉದ್ದದಲ್ಲಿ ಕುಗ್ಗುವದು ಅತ್ಯಲ್ಪ, ಅಡ್ಡಕ್ಕೆ ಹೆಚ್ಚು, ವರುಷದ ಬಳೆಗಳನ್ನು ಅನುಸರಿಸಿ ಸುತ್ತಲೂ ಕುಗ್ಗುವದು, ನಡುವಿನಿಂದ ಹೊರಕ್ಕೆ ಕುಗ್ಗುವದಕ್ಕಿಂತ ಸುಮಾರು 2 ಪಟ್ಟು. ಆದುದರಿಂದಲೇ ಹಸಿಮರದ ಹಲಗೆ ಸೊಟ್ಟಗಾಗುವದೂ ಸೀಳುವದೂ ಉಂಟು. ಬಹುಕಾಲ ಸೂರಿನ ಕೆಳಗಿದ್ದ ತೊಲೆಯು ಈ ಪರೀಕ್ಷೆಯನ್ನು ದಾಟಿ ಬಂದದ್ದು.

ಹಾಗಾದರೆ ಹಳೆಯ ಮರವು ಅಲುಗುವದೇ ಇಲ್ಲವೋ? ಅಲುಗುವದು. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗುವದು, ಬೇಸಿಗೆಯಲ್ಲಿ ಬಿಟ್ಟು ಕುಗ್ಗುವದು. ಆದಕಾರಣ ಜಾಣನಾದ ಬಡಿಗನು ಮೇಜಿನ ಮೇಲ್ಹಲಗೆಯನ್ನು ಎಲ್ಲಾ ಕಡೆಗೂ ಮೊಳೆ ಹೊಡೆದು ಬಿಗಿಯದೆ, ಸ್ವಲ್ಪ ಸರಿಯಲು ಎಡೆಯಿಡುವನು. ಕಾಲನ್ನೂ ಅಡ್ಡಪಟ್ಟಿಯನ್ನೂ ಕೂಡಿಸುವಾಗ, ಒಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಉಳಿಯಿಂದ ಕೊರೆದ ತೂತಿನಲ್ಲಿ ಕೂಡಿಸಿ, ಬೆಣೆ ಬಡಿಯುವನು. ಹೀಗೆ ಮಾಡಿದ ಕೂಡಿಕೆಯನ್ನು ಮುಂದೆ ಬಿಚ್ಚಿ ದುರಸ್ತಿಯನ್ನೂ ಮಾಡಬಹುದು.

ಹಳೆಯ ಮರವನ್ನು ಆರಿಸುವಾಗ ನಾಲ್ಕು ಸಂಗತಿಗಳನ್ನು ನೋಡಬೇಕು.
(ಅ) ತಟ್ಟಿದರೆ ಖಣಿಲೆನ್ನಬೇಕು. ಮಂದವಾದ ಶಬ್ದ ಬಂದಲ್ಲಿ ಒಳಗೆ ಟೊಳ್ಳು ಅಥವಾ ಕೊಳೆತ ಇರಬಹುದು.
(ಆ) ಸಾಗವಾನಿಯ ನಡುವಿನ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತದು. ಹೊರಗಿನ ಬಿಳಿಯ ಭಾಗಕ್ಕೆ ಹತ್ತುವದು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳವು ಇನ್ನೂ ಒಳಗಿದೆಯೆಂದು ತಿಳಿಯಬೇಕು.
(ಇ) ಅಡಗಿರುವ ಮೊಳೆಗಳನ್ನೆಲ್ಲಾ ಕಿತ್ತ ಹೊರತು ಗರಗಸವನ್ನಿಡಬಾರದು.
(ಈ) ಹಳೆಯ ಬಣ್ಣದಲ್ಲಿ ಸೀಸವಿರುವದುಂಟು. ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಮಕ್ಕಳನ್ನು ಹತ್ತಿರ ಬಿಡಲೇಬಾರದು.

3. ಸೆರೆಯಲ್ಲಿ ಕಲಿತ ವಿದ್ಯೆ

ಈ ಕೆಲಸವು ಬಡತನದ ಗುರುತೆಂದು ಕೆಲವರು ಭಾವಿಸುತ್ತಾರೆ. ಅಂಥವರು ಜಾರ್ಜ್ ನಾಕಾಶಿಮಾ ಎಂಬವರ ಚರಿತ್ರೆಯನ್ನು ತಿಳಿಯಬೇಕು. ಇವರು ಅಮೆರಿಕದಲ್ಲಿ 1905ರಲ್ಲಿ ಜಪಾನೀ ತಾಯಿತಂದೆಗಳಿಗೆ ಹುಟ್ಟಿ, ಕಟ್ಟಡಶಿಲ್ಪವನ್ನು ಓದಿದರು. ನಮ್ಮ ದೇಶಕ್ಕೂ ಬಂದು ಪಾಂಡಿಚೇರಿಯ ಅರವಿಂದಾಶ್ರಮದ 'ಗೋಲ್ಕೊಂಡ' ಎಂಬ ವಸತಿಗೃಹದ ಕೆಲಸವನ್ನು ನೋಡಿಕೊಂಡರು. 1941ರಲ್ಲಿ ಜಪಾನಿಗೂ ಅಮೆರಿಕಕ್ಕೂ ಯುದ್ಧ ಹತ್ತಿದಾಗ, ಅಮೆರಿಕದ ಪಶ್ಚಿಮ ತೀರದಲ್ಲಿದ್ದ ಜಪಾನೀ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿಯ ಸರಕಾರವು ಶಿಬಿರಗಳಲ್ಲಿ ಕೂಡಿಹಾಕಿತು. 1942ರಲ್ಲಿ ನಾಕಾಶಿಮಾ ಅವರೂ ಅವರ ಹೆಂಡತಿಯೂ ಕೈಗೂಸಾದ ಮಗಳು ಮೀರಾ ಎಂಬವಳೂ ಐಡಾಹೋ ಪ್ರಾಂತದ ಮಿನಿಡೋಕಾ ಶಿಬಿರವನ್ನು ಸೇರಬೇಕಾಯಿತು.

ಅಲ್ಲಿ ಅಂದವಾದ ಮರವೆಲ್ಲಿಯದು? ಕೊಟ್ಟಿಗೆಯಂಥ ಮನೆಗಳನ್ನು ಕಟ್ಟಿ ಮಿಕ್ಕ ಹಲಗೆಯ ತುಂಡುಗಳೂ ಮರಳುಗಾಡಿನ ಕುರುಚಲು ಗಿಡಗಳೂ ಮಾತ್ರ ಇದ್ದವು. ಅವುಗಳನ್ನೇ ಹಿಡಿದು, ಅದೇ ಶಿಬಿರದಲ್ಲಿದ್ದ ಗೆಂಟಾರೋ ಹಿಕೋಗಾವಾ ಎಂಬ ಬಡಿಗರ ಬಳಿಯಲ್ಲಿ ಜಪಾನೀ ಉಳಿ ಗರಗಸಗಳ ವಿದ್ಯೆಯನ್ನು ನಾಕಾಶಿಮಾ ಕಲಿತರು. ಓದಿದ ಕಟ್ಟಡಶಿಲ್ಪಿಯು ಬಡಿಗನಿಗೆ ಶಿಷ್ಯನಾದದ್ದನ್ನು ನಮ್ಮ ಮಕ್ಕಳು ಗಮನಿಸಲಿ. 1943ರಲ್ಲಿ ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬಲ್ಲಿ ನೆಲೆಸಿ, ಅಲ್ಲಿ ತಮ್ಮ ಕಾರ್ಖಾನೆಯನ್ನು ಕಟ್ಟಿದರು. ಹಲಗೆಯಲ್ಲಿ ಬಿರುಕಿದ್ದರೆ ಅದನ್ನು ಬಿಸಾಡದೆ, ಚಿಟ್ಟೆಯ ಆಕಾರದ ಮರದ ತುಂಡನ್ನು ಅಡ್ಡಲಾಗಿ ಕೂಡಿಸಿ ಬಿರುಕನ್ನು ಹಿಡಿದು ನಿಲ್ಲಿಸುವರು, ಊನವೇ ಅಲಂಕಾರವಾಗುವದು. ಅವರು 1990ರಲ್ಲಿ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ನಡಿಸಿದವರು ಶಿಬಿರದಲ್ಲಿ ಕೈಗೂಸಾಗಿದ್ದ ಆ ಮಗಳೇ.

4. ನಮ್ಮ ನಾಡಿನಲ್ಲಿ

ಇದು ದೂರದೇಶದ ಮಾತಾಯಿತೆನ್ನುವವರು ಮಣಿಪಾಲಕ್ಕೆ ಹೋಗಿ ನೋಡಲಿ. ಅಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು, ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಕಿಟಕಿಗಳನ್ನು ಕೊಂಡುತಂದು, ಅವುಗಳಿಂದಲೇ 'ಹಸ್ತಶಿಲ್ಪ' ಎಂಬ ತಮ್ಮ ಸ್ವಂತ ಮನೆಯನ್ನು ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತರಿಸಿ, ಅದೇ ಊರಲ್ಲಿ ಮರಳಿ ಜೋಡಿಸಿ ನಿಲ್ಲಿಸಿದರು. ನಮಗೆ ನೆರೆಯ ಸೀಮೆಯಾದ ಕುಕನೂರಿನ ಕಮಲ ಮಹಲೂ ಅವುಗಳಲ್ಲಿ ಸೇರಿದೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು. ಅವರು ಬಡಿಗರಲ್ಲ; ಆದರೆ ಬಡಿಗರ ಕೆಲಸದ ಬೆಲೆಯನ್ನು ಅರಿತವರು. ಆ ಅರಿವಾದರೂ ನಮ್ಮೆಲ್ಲರಿಗೆ ಸಾಧ್ಯವಷ್ಟೆ.

5. ನಾವು ಮಾಡತಕ್ಕದ್ದು

ಒಂದು ಮಾತನ್ನು ಮರೆಯಬಾರದು. ಹಳೆಯ ಮರವು ಅಗ್ಗ, ಅದರ ಕೆಲಸವು ಅಗ್ಗವಲ್ಲ. ಮೊಳೆ ಕೀಳುವದಕ್ಕೂ ಕೊಳೆತದ್ದನ್ನು ಬಿಡಿಸುವದಕ್ಕೂ ಹೊಸ ಮರಕ್ಕಿಂತ ಹೆಚ್ಚು ದಿನಗಳು ಹಿಡಿಯುವವು. "ಮರ ನಮ್ಮದೇ ಅಲ್ಲವೇ" ಎಂದು ಕೂಲಿಯನ್ನು ಚೌಕಾಶಿ ಮಾಡುವದು ನ್ಯಾಯವಲ್ಲ. ಕೂಲಿ ಗಿಟ್ಟದಿದ್ದರೆ ಬಡಿಗರ ಮಕ್ಕಳು ಉಳಿಯನ್ನು ಕೆಳಗಿಡುವರು. ಆಮೇಲೆ ಮರವಿದ್ದರೂ ಕೈಯಿರಲಾರದು.

ನಮ್ಮ ಉಗ್ರಾಣದಲ್ಲಿ ಇನ್ನೂ ನಾಲ್ಕು ಮುರಿದ ಬೆಂಚುಗಳು ಉಳಿದಿವೆ. ಈ ಸಾರಿ ಸೌದೆಯವನನ್ನಲ್ಲ, ಬಡಿಗರನ್ನು ಕರೆಯಿಸಿದ್ದೇವೆ. ನೀವು ಮುಂದಿನ ಸಾರಿ ಬಂದಾಗ ವಾಚನಾಲಯದ ಮೇಜಿನ ಬಳಿ ಕುಳಿತು, ಅದು ನಿಮ್ಮ ತರಗತಿಯ ಬೆಂಚೋ ಎಂದು ನೋಡಿರಿ.

ತಾಯಿಯರೂ ಹೆಣ್ಣುಮಕ್ಕಳೂ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:
1. ನಿಮ್ಮ ಮನೆಯ ಅತಿ ಹಳೆಯ ಮರದ ಸಾಮಾನು ಯಾವದು? ಅದು ಯಾವ ಮರದ್ದು? ಮಾಡಿದವರು ಯಾರು?
2. ಮೇಜಿನ ಹಲಗೆಗೆ ಅಲುಗಲು ಎಡೆಯಿಡದಿದ್ದರೆ ಏನಾಗುವದು? ಏಕೆ?
3. ಮನೆಯಲ್ಲಿ ಮುರಿದಿರುವ ಒಂದು ವಸ್ತುವನ್ನು ಹುಡುಕಿರಿ. ಅದರಲ್ಲಿ ಕೆಟ್ಟದ್ದೆಷ್ಟು, ಉಳಿದದ್ದೆಷ್ಟು?