ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿಕೋ



"ಗಾಳಿ ಬಂದಾಗ ತೂರಿಕೋ" ಅನ್ನೋದು ನಮ್ಮ ಕಣದ ಗಾದೆ. ಇದೇ ಅರ್ಥಕ್ಕೆ ಇಂಗ್ಲಿಷಿನವರು "ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿಕೋ" ಅಂತಾರೆ. ಕಾಳು ತೂರಲು ಗಾಳಿ ಬೇಕು, ಸರಿ. ಹುಲ್ಲು ಒಣಗಿಸಲು ಅವರಿಗೆ ಯಾಕಷ್ಟು ಅವಸರ? ನೋಡೋಣ.

ಒಣಗಿಸುವುದು ಯಾಕೆ?
ಯುರೋಪಿನ ಗುಡ್ಡಗಾಡುಗಳಲ್ಲಿ ಚಳಿಗಾಲ ಬಂತೆಂದರೆ ಹಿಮ ಬಿದ್ದು ನೆಲವೇ ಕಾಣದು. ದನಗಳು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ಇರುತ್ತವೆ. ಜೂನ್, ಜುಲೈ ಬಿಸಿಲಿನಲ್ಲಿ ಮಾಡಿಟ್ಟ ಒಣಹುಲ್ಲೇ ಆಗ ಅವುಗಳ ಮೇವು. ಅದು ಕೆಟ್ಟರೆ ಸಣ್ಣ ರೈತ ದನ ಮಾರಬೇಕಾಗುತ್ತದೆ. ನಮಗೆ ಬೇಸಿಗೆ ಹೇಗೋ ಅವರಿಗೆ ಚಳಿಗಾಲ ಹಾಗೆ.

ನಿಂತು ಕೊಯ್ಯುವ ಕುಡುಗೋಲು
ನಾವು ಕುಕ್ಕರಗಾಲಲ್ಲಿ ಕೂತೋ ಬಗ್ಗಿಯೋ ಹುಲ್ಲು ಕೊಯ್ಯುತ್ತೇವೆ. ಅವರ ಕುಡುಗೋಲಿಗೆ ಆಳುದ್ದದ ಮರದ ಕೋಲು, ಅದಕ್ಕೆ ಎರಡು ಹಿಡಿ, ತುದಿಯಲ್ಲಿ ಎರಡರಿಂದ ಮೂರು ಅಡಿ ಉದ್ದದ ಬಾಗಿದ ಅಲಗು. ನಿಂತುಕೊಂಡೇ ಸೊಂಟ ತಿರುಗಿಸಿ ಬಲದಿಂದ ಎಡಕ್ಕೆ ಬೀಸುತ್ತಾರೆ. ಅಲಗು ನೆಲಕ್ಕೆ ಒರೆಸಿದಂತೆ ಹೋಗುತ್ತದೆ, ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ. ಇಬ್ಬನಿ ಆರುವ ಮುಂಚೆ, ಬೆಳಗಿನ ಜಾವದಲ್ಲೇ ಕೊಯ್ಲು. ಒದ್ದೆ ಹುಲ್ಲು ಸಲೀಸಾಗಿ ಕತ್ತರಿಸುತ್ತದೆ. ಸೊಂಟದಲ್ಲಿ ನೀರು ತುಂಬಿದ ಕೊಂಬು, ಅದರೊಳಗೆ ಮಸೆಗಲ್ಲು; ಆಗಾಗ ನಿಂತು ಮಸೆಯುತ್ತಾರೆ. ಪಳಗಿದ ಆಳು ದಿನಕ್ಕೆ ಸುಮಾರು ಒಂದು ಎಕರೆ ಕೊಯ್ಯಬಲ್ಲ. ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲೂ ಆಲ್ಪ್ಸ್ ಪರ್ವತದ ಇಳಿಜಾರುಗಳಲ್ಲೂ ಈ ಕುಡುಗೋಲು ಇಂದಿಗೂ ಉಂಟು.

ಒಂದು ಲೆಕ್ಕ
100 ಕೆ.ಜಿ. ಹಸಿ ಹುಲ್ಲಿನಲ್ಲಿ ಸುಮಾರು 80 ಕೆ.ಜಿ. ನೀರೇ. ಕೂಡಿಡುವ ಹುಲ್ಲಿನಲ್ಲಿ ನೀರು ನೂರಕ್ಕೆ 15ರಷ್ಟಿದ್ದರೆ ಒಳ್ಳೆಯದು, 20 ದಾಟಬಾರದು. ಅಂದರೆ 100 ಕೆ.ಜಿ. ಹಸಿ ಹುಲ್ಲು ಒಣಗಿ ಸುಮಾರು 23 ಕೆ.ಜಿ. ಆಗಬೇಕು. ಉಳಿದದ್ದು ಹೆಚ್ಚುಕಡಿಮೆ ಐದು ಬಿಂದಿಗೆ ನೀರು! ಅಷ್ಟನ್ನೂ ಬಿಸಿಲು, ಗಾಳಿಯೇ ಹೀರಬೇಕು.

ಅದಕ್ಕೇ ಕೊಯ್ದ ಹುಲ್ಲನ್ನು ತೆಳ್ಳಗೆ ಹರಡಿ ಮತ್ತೆ ಮತ್ತೆ ಮಗುಚುತ್ತಾರೆ. ಸಂಜೆ ಇಬ್ಬನಿ ತಾಗದಂತೆ ಸಣ್ಣ ಗುಪ್ಪೆ ಮಾಡಿ, ಬೆಳಿಗ್ಗೆ ಪುನಃ ಹರಡುತ್ತಾರೆ. ಒಳ್ಳೆ ಬಿಸಿಲಿದ್ದರೆ ಮೂರು ನಾಲ್ಕು ದಿನದ ಕೆಲಸ. ನಡುವೆ ಮಳೆ ಬಂದರೆ ಹುಲ್ಲಿನ ಸತ್ವ ತೊಳೆದುಹೋಗುತ್ತದೆ.

ಹಸಿ ಇದ್ದಾಗ ಒಟ್ಟಿದರೆ?
ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಜೊತೆಗೆ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಎರಡರಿಂದಲೂ ಶಾಖ ಹುಟ್ಟುತ್ತದೆ. ಬಣವೆಯೊಳಗಿನ ಶಾಖ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಪಾಯ. ಯಾರೂ ಕಡ್ಡಿ ಗೀರದೆ ಬಣವೆ ತಾನೇ ಹೊತ್ತಿಕೊಳ್ಳಬಹುದು. ಬೆಂಕಿ ಬೀಳದಿದ್ದರೂ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಮೇವು ದನಕ್ಕೆ ಕೆಡುಕು, ಅದರ ಧೂಳು ನಮ್ಮ ಶ್ವಾಸಕೋಶಕ್ಕೂ ಕೆಡುಕು.

ನಮಗೇನು ಪಾಠ?
ನಮ್ಮ ಬದುವಿನ ಹುಲ್ಲು ಮಳೆಗಾಲದ ಕೊನೆಗೆ ಹೂ ಬಿಡುತ್ತದೆ. ಸತ್ವ ಇರುವುದು ಆಗ. ನಾವೋ, ಬೀಜ ಉದುರಿ ನಿಂತಲ್ಲೇ ಒಣಗಿದ ಮೇಲೆ ಕೊಯ್ಯುತ್ತೇವೆ. ಆಗ ಅದು ಬರೀ ನಾರು. ದನದ ಹೊಟ್ಟೆ ತುಂಬುತ್ತದೆ, ಹಾಲು ಹೆಚ್ಚುವುದಿಲ್ಲ. ಆದ್ದರಿಂದ,

1. ಹುಲ್ಲು ಹೂ ಬಿಡುವಾಗ, ಮಳೆ ಬಿಡುವು ಕೊಟ್ಟ ದಿನ ನೋಡಿ ಕೊಯ್ಯಿರಿ.
2. ನೆಲ ತೇವವಾಗಿದ್ದರೆ ಬೇಲಿಯ ಮೇಲೋ ಗಳುಗಳ ಮೇಲೋ ಹರಡಿರಿ.
3. ಒಂದು ಹಿಡಿ ಹುಲ್ಲನ್ನು ಹಗ್ಗದಂತೆ ಹೊಸೆದು ನೋಡಿ. ಕೈಗೆ ಪಸೆ ತಾಗಿದರೆ ಇನ್ನೂ ಒಣಗಬೇಕು.
4. ಬಣವೆಯ ಅಡಿಗೆ ಕಲ್ಲು, ಕಟ್ಟಿಗೆ ಹಾಕಿ. ಮೊದಲ ಕೆಲವು ವಾರ ಆಗಾಗ ಒಳಗೆ ಕೈ ಹಾಕಿ ಬಿಸಿ ನೋಡಿ.

ಮನೆಯಲ್ಲಿ ಮಾಡಿ: 1 ಕೆ.ಜಿ. ಹಸಿ ಹುಲ್ಲು ತೂಗಿ, ಬಿಸಿಲಲ್ಲಿ ಹರಡಿ, ದಿನಾ ಸಂಜೆ ತೂಕ ಬರೆದಿಡಿ. ಎಷ್ಟನೇ ದಿನ ಕಾಲು ಕೆ.ಜಿ.ಗಿಂತ ಕೆಳಗೆ ಬಂತು? ಉತ್ತರವನ್ನು ಈ ಹಾಳೆಯ ಕೆಳಗೆ ಅಂಟಿಸಿ.